ನಾಲ್ಕು ವರ್ಷದ ಮಗಳಿಗೆ ಎಕ್ಸ್‌ರೇ: ಮೊದಲೇ ಏನು ಹೇಳಬೇಕು?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಮೂರು ವಾರವಾದರೂ ಕೆಮ್ಮು ನಿಲ್ಲದ ಕಾರಣ ಮಕ್ಕಳ ವೈದ್ಯರು ಎದೆಯ ಎಕ್ಸ್‌ರೇ ಮಾಡಿಸಲು ಚೀಟಿ ಬರೆದುಕೊಟ್ಟಿದ್ದಾರೆ. ಆಸ್ಪತ್ರೆಯ ಗೇಟು ಕಂಡರೆ ಸಾಕು, ಅವಳು ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡು ಅಳಲು ತೊಡಗುತ್ತಾಳೆ. ಅವಳನ್ನು ಹೇಗೆ ಸಿದ್ಧಪಡಿಸಲಿ?

ಉತ್ತರ: ನಾವು ದಿನವೂ ಆಡುವ ಮಾತಿನಿಂದಲೇ ಶುರುಮಾಡಬೇಕು. ಕನ್ನಡದಲ್ಲಿ ನಾವು ಎಕ್ಸ್‌ರೇಯನ್ನು ‘ತೆಗೆಸುತ್ತೇವೆ’, ಫೋಟೊವನ್ನು ‘ಹೊಡೆಸುತ್ತೇವೆ’. ದೊಡ್ಡವರ ಕಿವಿಗೆ ಇದರಲ್ಲಿ ವಿಶೇಷವೇನೂ ಇಲ್ಲ; ಆದರೆ ನಾಲ್ಕು ವರ್ಷದ ಮಗುವಿಗೆ ಗೊತ್ತಿರುವುದು ಅಂಗಿ ತೆಗೆಯುವುದು, ಕಾಲಿನ ಮುಳ್ಳು ತೆಗೆಯುವುದು. ‘ನಾಳೆ ಎಕ್ಸ್‌ರೇ ತೆಗೆಸಬೇಕು, ಮೂಳೆಯೆಲ್ಲ ಕಾಣುತ್ತದಂತೆ’ ಎಂದು ದೊಡ್ಡವರು ಫೋನಿನಲ್ಲಿ ಮಾತನಾಡುವುದನ್ನು ಕೇಳಿಸಿಕೊಂಡಿದ್ದ ನಮ್ಮ ಮನೆಯ ಹುಡುಗನೊಬ್ಬ, ರಾತ್ರಿ ದೀಪ ಆರಿಸಿದ ಮೇಲೆ, ‘ತೆಗೆದ ಮೂಳೆ ವಾಪಸ್ ಹಾಕ್ತಾರಾ?’ ಎಂದು ಕೇಳಿದ. ಸಂಜೆಯೆಲ್ಲ ಅವನು ಮಂಕಾಗಿ ಕುಳಿತಿದ್ದು ಏಕೆಂದು ನಮಗೆ ತಿಳಿದದ್ದು ಆಗಲೇ. ಆದ್ದರಿಂದ ನಿಮ್ಮ ಮಗಳಿಗೆ ಹೇಳುವಾಗ ‘ತೆಗೆಯುವ’, ‘ಹೊಡೆಯುವ’ ಮಾತು ಬಿಟ್ಟು, ‘ನಿನ್ನ ಎದೆಯೊಳಗೆ ಕೆಮ್ಮು ಎಲ್ಲಿ ಕೂತಿದೆ ಎಂದು ಒಂದು ಮಿಷನ್ನು ನೋಡುತ್ತದೆ, ಅದು ನಿನ್ನನ್ನು ಮುಟ್ಟುವುದಿಲ್ಲ’ ಎಂದು ಹೇಳಿ. ‘ಫೋಟೊ’ ಎನ್ನುವುದಾದರೆ, ಅದರಲ್ಲಿ ಮುಖ ಕಾಣುವುದಿಲ್ಲ, ಫ್ಲ್ಯಾಶ್ ಮಿನುಗುವುದೂ ಇಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಇಲ್ಲದಿದ್ದರೆ ನಗುತ್ತಾ ನಿಂತ ಮಗು ಫ್ಲ್ಯಾಶ್ ಬರಲಿಲ್ಲವೆಂದು ಗಲಿಬಿಲಿಗೊಳ್ಳುತ್ತದೆ.

ಯಾವಾಗ ಹೇಳಬೇಕು ಎಂಬುದು ವಯಸ್ಸಿನ ಮೇಲೆ ನಿಂತಿದೆ. ಎರಡು ವರ್ಷದ ಮಗುವಿಗೆ ಹೊರಡುವ ಮುನ್ನ ಹೇಳಿದರೆ ಸಾಕು, ನಾಲ್ಕರ ಮಗುವಿಗೆ ಹಿಂದಿನ ದಿನ ಸಂಜೆ. ಒಂದು ವಾರ ಮೊದಲೇ ಹೇಳಿದರೆ ಅದು ವಾರವಿಡೀ ಹೆದರಿಕೆಯನ್ನು ಮೆಲುಕು ಹಾಕುತ್ತದೆ. ಐಸ್‌ಕ್ರೀಮ್ ಕೊಡಿಸುವ ನೆಪದಲ್ಲಿ ಕರೆದೊಯ್ದು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದರೆ, ಮುಂದಿನ ಸಲ ಐಸ್‌ಕ್ರೀಮ್ ಎಂದರೂ ಅಳುತ್ತದೆ. ಊಟ ಬಿಟ್ಟಾಗಲೆಲ್ಲ ‘ಡಾಕ್ಟರ ಹತ್ತಿರ ಸೂಜಿ ಹಾಕಿಸ್ತೀನಿ’ ಎಂದು ಹೆದರಿಸುವ ಅಭ್ಯಾಸ ಮನೆಯಲ್ಲಿದ್ದರೆ (ನಮ್ಮಲ್ಲಿ ಯಾವ ಮನೆಯಲ್ಲಿ ಇಲ್ಲ ಹೇಳಿ), ಅದನ್ನು ಇಂದಿನಿಂದಲೇ ನಿಲ್ಲಿಸುವುದು ಒಳ್ಳೆಯದು. ಸೂಜಿಯ ವಿಷಯವನ್ನು ನೀವಾಗಿ ಎತ್ತಬೇಡಿ. ಅವಳೇ ಕೇಳಿದರೆ, ‘ಎಕ್ಸ್‌ರೇ ಕೋಣೆಯಲ್ಲಿ ಸೂಜಿ ಇಲ್ಲ’ ಎಂದಷ್ಟೇ ಹೇಳಿ. ಅದೇ ದಿನ ರಕ್ತಪರೀಕ್ಷೆಯೂ ಇದ್ದರೆ ‘ಇವತ್ತು ಸೂಜಿಯೇ ಇಲ್ಲ’ ಎಂಬ ಮಾತು ಸುಳ್ಳಾಗುತ್ತದೆ.

ಇನ್ನು ಅಭ್ಯಾಸ. ಎಕ್ಸ್‌ರೇ ಕೋಣೆಯಲ್ಲಿ ಮಗುವಿನಿಂದ ನಿಜವಾಗಿ ಬೇಕಾಗಿರುವುದು ಒಂದೇ, ಕೆಲವು ಕ್ಷಣ ಅಲುಗದೆ ಇರುವುದು. ಕಿರಣ ಹಾಯುವುದು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಮಾತ್ರ; ಸಮಯ ಹಿಡಿಯುವುದು ಮಗುವನ್ನು ಸರಿಯಾಗಿ ನಿಲ್ಲಿಸುವುದಕ್ಕೆ. ಮಕ್ಕಳು ಬೀದಿಯಲ್ಲಿ ಆಡುವ ‘ಸ್ಟ್ಯಾಚ್ಯೂ’ ಆಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅವಳನ್ನು ಗೋಡೆಗೆ ಎದೆಯೊತ್ತಿ ನಿಲ್ಲಿಸಿ, ‘ಮಲ್ಲಿಗೆ ಹೂವಿನ ವಾಸನೆ ಎಳಕೋ’ ಎಂದು ಉಸಿರು ಒಳಗೆಳೆಸಿ, ‘ಸ್ಟ್ಯಾಚ್ಯೂ’ ಎನ್ನಿ, ಎರಡು ಎಣಿಸಿ ಬಿಡಿ. ಒಮ್ಮೆ ಗೋಡೆಗೆ ಬೆನ್ನು ಕೊಟ್ಟು, ಒಮ್ಮೆ ಮಲಗಿ, ಎರಡೂ ಕೈಗಳನ್ನು ಕಿವಿಯ ಪಕ್ಕ ಮೇಲೆತ್ತಿಯೂ ಆಡಿ, ಏಕೆಂದರೆ ಅಲ್ಲಿ ಯಾವ ಭಂಗಿಯಲ್ಲಿ ಮಾಡುತ್ತಾರೆಂಬುದು ಮಗುವಿನ ಎತ್ತರವನ್ನೂ ಕೋಣೆಯ ವ್ಯವಸ್ಥೆಯನ್ನೂ ಅವಲಂಬಿಸಿದೆ. ಬಳಿಕ ಅವಳ ಗೊಂಬೆಗೂ ಅವಳೇ ‘ಸ್ಟ್ಯಾಚ್ಯೂ’ ಹೇಳಲಿ. ಅಲ್ಲಿನ ಮೂರು ಸಂಗತಿಗಳನ್ನು ಮೊದಲೇ ತಿಳಿಸಿಡಿ: ಒರಗುವ ಹಲಗೆ ತಣ್ಣಗಿರುತ್ತದೆ (ಒಂದು ಸ್ಟೀಲ್ ತಟ್ಟೆಯನ್ನು ಬರಿಮೈಗೆ ತಾಗಿಸಿ ತೋರಿಸಬಹುದು), ಎದೆಯ ಮೇಲೋ ಬೆನ್ನಿನ ಮೇಲೋ ಚೌಕಾಕಾರದ ಬೆಳಕು ಬೀಳುತ್ತದೆ, ಅದು ಬರೀ ದೀಪದ ಬೆಳಕು, ಮಿಷನ್ನು ಗುಯ್ಯೆಂದು ಸದ್ದು ಮಾಡಿ, ಕೊನೆಗೆ ‘ಬೀಪ್’ ಎನ್ನುತ್ತದೆ. ಆ ಗುಯ್ಯೆನ್ನುವ ಸದ್ದು, ಎಕ್ಸ್‌ರೇ ಕೊಳವೆಯೊಳಗಿನ ಲೋಹದ ಬಿಲ್ಲೆ ವೇಗವಾಗಿ ತಿರುಗತೊಡಗಿದಾಗ ಬರುವಂಥದ್ದು. ಮಗುವಿಗೆ ‘ಫ್ಯಾನ್ ತಿರುಗಿದ ಹಾಗೆ’ ಎಂದರೆ ಅರ್ಥವಾಗುತ್ತದೆ.

ಅಳು ಬಂದೇ ಬರುತ್ತದೆ ಎಂದು ಇಟ್ಟುಕೊಳ್ಳೋಣ. ನನ್ನ ದೃಷ್ಟಿಯಲ್ಲಿ ತಂದೆತಾಯಿ ಅಲ್ಲಿ ಮಾಡುವ ದೊಡ್ಡ ತಪ್ಪು ಅಳುವನ್ನು ನಿಲ್ಲಿಸಲು ಹೊರಡುವುದು. ಅಳು ನಿಲ್ಲಬೇಕಿಲ್ಲ, ಅಲುಗಾಟ ನಿಂತರೆ ಸಾಕು. ಎದೆಯ ಚಿತ್ರಕ್ಕೆ ಶ್ವಾಸಕೋಶ ಗಾಳಿ ತುಂಬಿ ಹಿಗ್ಗಿರಬೇಕು. ಅಳುವ ಮಗು ಎರಡು ಬಿಕ್ಕುಗಳ ನಡುವೆ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತದೆ, ಅನುಭವವಿರುವ ತಂತ್ರಜ್ಞರು ಅದೇ ಗಳಿಗೆಗೆ ಕಾದು ಗುಂಡಿ ಒತ್ತುತ್ತಾರೆ. ‘ಅಳು, ಪರವಾಗಿಲ್ಲ, ಕೈ ಮಾತ್ರ ಮೇಲಿರಲಿ’ ಎಂದು ತಾಯಿ ಸಮಾಧಾನದ ದನಿಯಲ್ಲಿ ಹೇಳಿದಾಗ ಕೆಲಸ ಆಗುತ್ತದೆ. ಸುತ್ತ ನಿಂತ ನಾಲ್ಕು ಜನ ನಾಲ್ಕು ಥರ ಪುಸಲಾಯಿಸಿದರೆ ಆಗುವುದಿಲ್ಲ.

ಉಡಿದಾರದ ವಿಚಾರವನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಎಕ್ಸ್‌ರೇ ಕಂಡುಹಿಡಿದ ಜರ್ಮನಿಯ ವಿಜ್ಞಾನಿ ರಾಂಟ್ಜೆನ್ 1895ರ ಡಿಸೆಂಬರ್‌ನಲ್ಲಿ ತಮ್ಮ ಹೆಂಡತಿಯ ಕೈಯ ಚಿತ್ರ ಪಡೆದಾಗ, ಮೂಳೆಗಿಂತಲೂ ಎದ್ದು ಕಂಡದ್ದು ಬೆರಳಿನ ಉಂಗುರ. ಲೋಹ ಕಿರಣವನ್ನು ತಡೆಯುವುದರಿಂದ ಸರ, ತಾಯಿತ, ಗುಂಡಿ, ಜಿಪ್ ಯಾವುದೇ ಆದರೂ ಶ್ವಾಸಕೋಶದ ಮೇಲೆ ಕಲೆಯಂತೆ ಮೂಡಿ ವೈದ್ಯರ ದಾರಿ ತಪ್ಪಿಸಬಲ್ಲದು. ಎದೆಯ ಚಿತ್ರದಲ್ಲಿ ಹೊಟ್ಟೆಯ ಮೇಲ್ಭಾಗವೂ ಬರುವುದರಿಂದ ಬೆಳ್ಳಿಯ ಉಡಿದಾರ ಬಿಚ್ಚಿಡುವುದು ಲೇಸು. ಭುಜದ ಮೇಲೆ ಬೀಳುವ ದಪ್ಪ ಜಡೆಯ ನೆರಳೂ ಚಿತ್ರದಲ್ಲಿ ಬರುತ್ತದೆ, ಅದನ್ನು ಮೇಲೆತ್ತಿ ಬಟ್ಟೆಯ ರಬ್ಬರ್‌ಬ್ಯಾಂಡಿನಿಂದ ಕಟ್ಟಿ. ಹುಟ್ಟಿದಂದಿನಿಂದ ಸೊಂಟದಲ್ಲಿದ್ದುದನ್ನು ಅಪರಿಚಿತ ಕೋಣೆಯಲ್ಲಿ ಅವಸರದಿಂದ ಎಳೆದು ಬಿಚ್ಚುವಾಗಲೇ ಎಷ್ಟೋ ಮಕ್ಕಳ ಅಳು ಆರಂಭವಾಗುತ್ತದೆ. ತಾಯಿತ ಬಿಚ್ಚಲು ಅಜ್ಜಿ ಒಪ್ಪದಿದ್ದರೆ ಆ ಮಾತುಕತೆಯೂ ಹಿಂದಿನ ರಾತ್ರಿಯೇ ನಡೆಯಲಿ.

ಒಳಗೆ ಜೊತೆಗೆ ಯಾರಿರಬೇಕು? ಭಾರತದಲ್ಲಿ ಎಕ್ಸ್‌ರೇ ಘಟಕಗಳ ಸುರಕ್ಷೆಯನ್ನು ನೋಡಿಕೊಳ್ಳುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ, ಮಗುವನ್ನು ಹಿಡಿದುಕೊಳ್ಳಬೇಕಾದರೆ ಅದನ್ನು ಮಾಡಬೇಕಾದವರು ಸಿಬ್ಬಂದಿಯಲ್ಲ, ಜೊತೆಗೆ ಬಂದ ವಯಸ್ಕ ಸಂಬಂಧಿಕರು. ಅವರಿಗೆ ಸೀಸದ ಏಪ್ರನ್ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ನೀವು ಗರ್ಭಿಣಿಯಾಗಿದ್ದರೆ, ಅಥವಾ ಆ ಸಾಧ್ಯತೆ ಇದ್ದರೆ, ಒಳಗೆ ಹೋಗದೆ ತಂದೆಯನ್ನೋ ಅಜ್ಜಿಯನ್ನೋ ಕಳಿಸಿ; ಹಾಗಿದ್ದರೆ ‘ಸ್ಟ್ಯಾಚ್ಯೂ’ ಆಟವನ್ನೂ ಅವರೇ ಆಡಿಸಿರಬೇಕು. ಆ ದಪ್ಪ, ಭಾರದ ಏಪ್ರನ್ ತೊಟ್ಟ ಅಮ್ಮನನ್ನು ಕಂಡೇ ಕೆಲವು ಮಕ್ಕಳು ಬೆದರುತ್ತವೆ, ಅದನ್ನೂ ಮೊದಲೇ ಹೇಳಿಡಿ. ಮಗುವಿನ ಮೈಮೇಲೆ ಸೀಸದ ಹೊದಿಕೆ ಹಾಕಲಿಲ್ಲವೆಂದು ಗಾಬರಿಯಾಗಬೇಡಿ. ಹಾಗೆ ಹೊದಿಸುವುದನ್ನು ವಾಡಿಕೆಯಾಗಿ ಮಾಡಬೇಕಿಲ್ಲವೆಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲೇ ಹೇಳಿದೆ.

ವಿಕಿರಣದ ಪ್ರಮಾಣ ನಿಮ್ಮ ಮನಸ್ಸಿನಲ್ಲಿದ್ದರೆ: ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ತಗಲುವುದು ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ ಎರಡರಿಂದ ಮೂರು ಮಿಲಿಸೀವರ್ಟ್ (ವಿಕಿರಣವನ್ನು ಅಳೆಯುವ ಮಾನ), ಮಗುವಿನ ಎದೆಯ ಒಂದು ಎಕ್ಸ್‌ರೇಯಿಂದ ಬರುವುದು ಅದರ ಕೆಲವೇ ದಿನಗಳ ಪಾಲಿನಷ್ಟು. ಮಗು ಅಲುಗಿ ಚಿತ್ರ ಮಸುಕಾದರೆ ಇನ್ನೊಮ್ಮೆ ಮಾಡಬೇಕಾಗುತ್ತದೆ, ಆಗ ಅದು ಎರಡರಷ್ಟಾಗುತ್ತದೆ. ಹಿಂದೆ ಎಲ್ಲಾದರೂ ಎದೆಯ ಎಕ್ಸ್‌ರೇ ಆಗಿದ್ದರೆ ಆ ಫಿಲ್ಮನ್ನು ಜೊತೆಗೆ ಒಯ್ಯಿರಿ.

ಬಿದ್ದು ಕೈ ಮುರಿದ ಮಗುವಿನ ವಿಷಯ ಬೇರೆ. ಅಲ್ಲಿ ಕೈಯನ್ನು ತಿರುಗಿಸಿ ಇಡುವಾಗ ನೋವಾಗುತ್ತದೆ, ‘ನೋವಾಗಲ್ಲ’ ಎನ್ನಬಾರದು. ನೋವಿನ ಔಷಧ ಮೊದಲೇ ಕೊಡಬಹುದೇ ಎಂದು ವೈದ್ಯರನ್ನು ಕೇಳಬೇಕು.

ಕೊನೆಯದಾಗಿ, ‘ಬೀಪ್’ ಕೇಳಿದ ಕೂಡಲೇ ‘ಮುಗೀತು, ಮುಗೀತು’ ಎಂದು ಮಗುವನ್ನು ಎತ್ತಿಕೊಳ್ಳಬೇಡಿ. ಕೆಲವೊಮ್ಮೆ ಪಕ್ಕದಿಂದ ಇನ್ನೊಂದು ಚಿತ್ರ ಬೇಕಾಗುತ್ತದೆ, ಮುಗಿಯಿತೆಂದು ನಂಬಿಸಿದ ಮೇಲೆ ಮತ್ತೆ ಅದೇ ಹಲಗೆಯ ಮುಂದೆ ನಿಲ್ಲಿಸುವುದು ಮೊದಲಿಗಿಂತ ಕಷ್ಟ. ತಂತ್ರಜ್ಞರು ಪರದೆಯ ಮೇಲೆ ಚಿತ್ರ ನೋಡಿ ತಲೆಯಾಡಿಸುವವರೆಗೆ ಕಾದಿದ್ದು, ಆಮೇಲೆ ಅವಳ ಅಂಗಿ ತೊಡಿಸಿ. ಉಡಿದಾರವನ್ನು ಮನೆಗೆ ಬಂದ ಮೇಲೆ ಕಟ್ಟಿದರಾಯಿತು.