ತೋಟದ ದಾರಿಯ ಹೆಜ್ಜೆಗಳು: ಮೊದಲು ಹೊತ್ತು, ಆಮೇಲೆ ಹೆಸರು

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೊಡಗಿನ ತೋಟದ ರಸ್ತೆಗಳು ಹೆಜ್ಜೆ ಓದಲು ಹೇಳಿಮಾಡಿಸಿದ ಹಾಗಿರುತ್ತವೆ. ಮಳೆಗಾಲದಲ್ಲಿ ರಾತ್ರಿ ಮೂಡಿದ್ದು ಬೆಳಿಗ್ಗೆಗೆ ತೊಳೆದುಹೋಗಿರುತ್ತದೆ. ಡಿಸೆಂಬರ್ ಕಳೆದ ಮೇಲೆ ಜೀಪು, ಟ್ರ್ಯಾಕ್ಟರ್ ಓಡಾಡಿ ಕೆಂಪು ಮಣ್ಣು ನುಣ್ಣಗೆ ಪುಡಿಯಾಗುತ್ತದೆ, ರಾತ್ರಿಯ ಇಬ್ಬನಿ ಅದನ್ನು ಹದವಾಗಿ ನೆನೆಸುತ್ತದೆ. ಹಿಮ ಬೀಳುವ ನಾಡಿನಲ್ಲಿ ಪ್ರಾಣಿ ನಡೆದ ಇಡೀ ದಾರಿಯೇ ಕಾಣಬಹುದು. ಇಲ್ಲಿ ಕಾಫಿ ಗಿಡಗಳ ನಡುವೆ ತರಗೆಲೆ ದಪ್ಪಗೆ ಹಾಸಿರುವುದರಿಂದ ಅಲ್ಲಿ ಹುಡುಕಿ ಫಲವಿಲ್ಲ. ರಸ್ತೆಯ ಧೂಳು, ನೀರು ಇಳಿದ ಕೆರೆಯ ಅಂಚು, ತೋಡು ದಾಟುವ ಕಡೆ, ಮೋರಿಯ ಬಾಯಿ, ಕೊಯ್ಲು ಮುಗಿದ ಗದ್ದೆಯ ಕೆಸರು, ಇಷ್ಟು ನೋಡಿದರೆ ಸಾಕು.

ಹೆಜ್ಜೆ ಕಂಡೊಡನೆ ಎಲ್ಲರೂ ಕೇಳುವುದು ಯಾವ ಪ್ರಾಣಿ ಎಂದು. ಕೊಯ್ಲಿಗೆ ಜನ ಇಳಿಯುವ ತೋಟದಲ್ಲಿ ಅದಕ್ಕಿಂತ ಮುಖ್ಯವಾದದ್ದು ಎಷ್ಟು ಹೊತ್ತಿನದು ಎಂಬುದು. ಮೊನ್ನೆಯ ಹುಲಿ ಹೆಜ್ಜೆಗಿಂತ ಅರ್ಧ ಗಂಟೆ ಹಿಂದಿನ ಆನೆ ಹೆಜ್ಜೆ ಹೆಚ್ಚು ಅವಸರದ ವಿಷಯ.

ಹೊತ್ತು ಹೇಳಲು ಇಬ್ಬನಿಯೇ ಗಡಿಯಾರ. ರಾತ್ರಿ ಸಿಲ್ವರ್ ಓಕ್, ಹಲಸಿನಂಥ ನೆರಳು ಮರಗಳ ಎಲೆಗಳಿಂದ ಹನಿ ತೊಟ್ಟಿಕ್ಕಿ ಕೆಳಗಿನ ಧೂಳಿನಲ್ಲಿ ಸಣ್ಣ ಸಣ್ಣ ಕುಳಿಗಳಾಗುತ್ತವೆ. ಹೆಜ್ಜೆಯ ಒಳಗೂ ಆ ಕುಳಿಗಳಿದ್ದರೆ ಪ್ರಾಣಿ ಹನಿ ಬೀಳುವ ಮುಂಚೆ, ಅಂದರೆ ಸಂಜೆಯೋ ರಾತ್ರಿಯ ಮೊದಲ ಭಾಗದಲ್ಲೋ ಹೋಗಿದೆ. ಹೆಜ್ಜೆ ಕುಳಿಗಳನ್ನು ಅದುಮಿ ಅಳಿಸಿದ್ದರೆ ಅದು ಬೆಳಗಿನ ಜಾವದ್ದು. ಮರವಿಲ್ಲದ ಬಯಲು ದಾರಿಯಲ್ಲಿ ಇಬ್ಬನಿ ಧೂಳಿನ ಮೇಲೆ ತೆಳ್ಳನೆ ಹಕ್ಕಳೆ ಕಟ್ಟಿಸುತ್ತದೆ. ಹಕ್ಕಳೆ ಒಡೆದು ಒಳಗಿನ ಒಣ ಧೂಳು ಹೊರಬಂದಿದ್ದರೆ ಹೆಜ್ಜೆ ಹೊಸದು, ಹೆಜ್ಜೆಯ ತಳದಲ್ಲೂ ಹಕ್ಕಳೆ ಕಟ್ಟಿದ್ದರೆ ಹಳೆಯದು. ಕೆರೆಯಂಚಿನಲ್ಲಿ ಗುರುತಿನೊಳಗೆ ನಿಂತ ನೀರು ಇನ್ನೂ ಕದಡಿದ್ದರೆ ಮುಂದೆ ಹೋಗದೆ ಹಿಂತಿರುಗಿ.

ಹೆಚ್ಚಿನವರು ಎಡವುವುದು ಬಿಸಿಲು ನೆರಳಿನ ಲೆಕ್ಕದಲ್ಲಿ. ಬಿಸಿಲಿಗೆ ಬಿದ್ದ ಹೆಜ್ಜೆಯ ಅಂಚು ಬೇಗ ಒಣಗಿ ಉದುರುತ್ತದೆ. ಅದೇ ಹೊತ್ತಿನಲ್ಲಿ ಹತ್ತು ಮಾರು ಆಚೆ ನೆರಳಿನಲ್ಲಿ ಮೂಡಿದ ಹೆಜ್ಜೆ ಮರುದಿನವೂ ತಾಜಾ ಎನ್ನಿಸುತ್ತದೆ. ಇದನ್ನು ಕಣ್ಣಿಗೆ ರೂಢಿ ಮಾಡಿಸಲು ಸುಲಭದ ಉಪಾಯವಿದೆ: ಹೆಜ್ಜೆಯ ಪಕ್ಕದಲ್ಲೇ ನಿಮ್ಮ ಹಿಮ್ಮಡಿಯನ್ನು ಊರಿ, ಎರಡರ ಅಂಚನ್ನೂ ಹೋಲಿಸಿ. ಮರುದಿನ ಬಂದು ನಿಮ್ಮ ಹಿಮ್ಮಡಿಯ ಗುರುತು ಏನಾಗಿದೆ ನೋಡಿ.

ಇನ್ನು ಹೆಸರು. ತೋಟಗಳಲ್ಲಿ 'ಹುಲಿ ಹೆಜ್ಜೆ', 'ಚಿರತೆ ಹೆಜ್ಜೆ' ಎಂದು ಗುಲ್ಲೆಬ್ಬಿಸುವ ಗುರುತುಗಳಲ್ಲಿ ನಾಯಿಯದೂ ಸೇರಿರುತ್ತದೆ. ಉಗುರು ಕಂಡರೆ ನಾಯಿ, ಕಾಣದಿದ್ದರೆ ಬೆಕ್ಕಿನ ಜಾತಿ ಎಂಬ ಮಾತು ಅರ್ಧ ಸತ್ಯ. ಬೆಕ್ಕಿನ ಜಾತಿ ಉಗುರನ್ನು ಒಳಗೆಳೆದುಕೊಂಡೇ ನಡೆಯುತ್ತದೆ ನಿಜ, ಆದರೆ ಜಾರುವ ಕೆಸರಿನಲ್ಲಿ ಹಿಡಿತಕ್ಕಾಗಿ ಉಗುರು ಚಾಚುತ್ತದೆ. ಗಟ್ಟಿ ನೆಲದಲ್ಲಿ ನಾಯಿಯ ಉಗುರೂ ಮೂಡದಿರಬಹುದು. ನಂಬಬೇಕಾದದ್ದು ಬೆರಳುಗಳ ಹಿಂದಿನ ದೊಡ್ಡ ಮೆತ್ತೆಯನ್ನು. ಹುಲಿ, ಚಿರತೆ, ಕಾಡುಬೆಕ್ಕುಗಳಲ್ಲಿ ಅದು ಅಗಲವಾಗಿ, ಹಿಂದಿನ ಅಂಚಿನಲ್ಲಿ ಮೂರು ಉಬ್ಬುಗಳಿಂದ ಕೂಡಿರುತ್ತದೆ. ನಾಲ್ಕು ಬೆರಳುಗಳಲ್ಲಿ ಒಂದು ತುಸು ಮುಂದಿರುವುದರಿಂದ ಗುರುತು ಓರೆಯಾಗಿ ಕಾಣುತ್ತದೆ, ಎಡಗಾಲೋ ಬಲಗಾಲೋ ಎಂದೂ ಹೇಳಬಹುದು. ನಾಯಿಯಲ್ಲಿ ಮೆತ್ತೆ ಚಿಕ್ಕದು, ಮುಕ್ಕೋನ. ನಡುವಿನ ಎರಡು ಬೆರಳು ಸಮಸಮವಾಗಿ ಮುಂದಿರುತ್ತವೆ. ಬೆರಳುಗಳಿಗೂ ಮೆತ್ತೆಗೂ ನಡುವಿನ ಸಂದಿಗಳಲ್ಲಿ ಕಡ್ಡಿಯಿಂದ ಗುಣಾಕಾರದ ಚಿಹ್ನೆ ಎಳೆದು ನೋಡಿ. ನಾಯಿಯದಾದರೆ ಗೆರೆ ಮೆತ್ತೆಗೆ ತಗಲದೆ ಹಾಯುತ್ತದೆ, ಬೆಕ್ಕಿನ ಜಾತಿಯದಾದರೆ ಮೆತ್ತೆಯನ್ನು ಕತ್ತರಿಸುತ್ತದೆ. ಸೀಳುನಾಯಿಯನ್ನು ಊರನಾಯಿಯಿಂದ ಒಂದೇ ಹೆಜ್ಜೆ ನೋಡಿ ಬೇರ್ಪಡಿಸುವುದು ಕಷ್ಟ. ಗುಂಪಾಗಿ ಹೋಗಿರುವುದು, ಜೊತೆಗೆ ಮನುಷ್ಯನ ಹೆಜ್ಜೆ ಇಲ್ಲದಿರುವುದು ಸುಳಿವು ಕೊಟ್ಟಾವು.

ಬೆಳೆದ ಚಿರತೆಯ ಹೆಜ್ಜೆ ಸುಮಾರು 7ರಿಂದ 9 ಸೆಂಟಿಮೀಟರ್ ಅಗಲ, ಬೆಳೆದ ಹುಲಿಯದು 12 ದಾಟುವುದೇ ಹೆಚ್ಚು. ನಡುವಿನ ಅಳತೆ ಸಿಕ್ಕರೆ ಹುಲಿಮರಿ ಇರಬಹುದು, ಹಾಗಾಗಿ ಸುತ್ತ ತಾಯಿಯ ದೊಡ್ಡ ಹೆಜ್ಜೆ ಇದೆಯೇ ನೋಡಬೇಕು. ಕೆಸರಿನಲ್ಲಿ ಕಾಲು ಹೂತರೆ ಗುರುತಿನ ಮೇಲಂಚು ಹಿಗ್ಗಿ ಚಿರತೆಯೂ ಹುಲಿಯಂತೆ ಕಂಡೀತು. ಅಳೆಯಬೇಕಾದದ್ದು ತಳದ ಸಮತಟ್ಟು ಭಾಗವನ್ನು. ನಡೆಯುವಾಗ ಹಿಂಗಾಲು ಎಷ್ಟೋ ಸಲ ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ, ಆಗ ಆರೇಳು ಬೆರಳಿನ ವಿಚಿತ್ರ ಪ್ರಾಣಿಯೊಂದು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಒಂದನ್ನೇ ನೆಚ್ಚದೆ ಸಾಲಿನಲ್ಲಿ ನಾಲ್ಕಾರು ಹೆಜ್ಜೆ ಅಳೆಯಿರಿ.

ಮಣ್ಣು ಮಾಡುವ ಈ ಮೋಸ ದೇಶದ ಹುಲಿ ಲೆಕ್ಕವನ್ನೇ ಕೆಡಿಸಿತ್ತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ರೂಪಿಸಿದ ವಿಧಾನದಲ್ಲಿ ಹೆಜ್ಜೆಯ ಮೇಲೆ ಗಾಜು ಹಿಡಿದು ಅಚ್ಚು ಎಳೆದು, ಒಂದೊಂದು ಹುಲಿಯನ್ನೂ ಅದರಿಂದಲೇ ಗುರುತಿಸುತ್ತಿದ್ದರು. ಒಂದೇ ಹುಲಿ ಧೂಳಿನಲ್ಲಿ ಒಂದು, ಕೆಸರಿನಲ್ಲಿ ಇನ್ನೊಂದು ಆಗಿಬಿಡುತ್ತಿತ್ತು. ನಮ್ಮ ನಾಗರಹೊಳೆಯಲ್ಲೇ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ, ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ ಸಂಖ್ಯೆ ಅಂದಾಜಿಸುವ ದಾರಿ ತೋರಿಸಿದರು. 2006ರ ರಾಷ್ಟ್ರೀಯ ಗಣತಿಯಲ್ಲಿ ಹಳೆಯ ವಿಧಾನವನ್ನು ಕೈಬಿಡಲಾಯಿತು. ಹೆಜ್ಜೆ ಯಾವ ಪ್ರಾಣಿ ಎಂದು ಹೇಳುತ್ತದೆ, ಯಾವ ಹುಲಿ ಎಂದು ಹೇಳುವುದಿಲ್ಲ.

ಆನೆಯದನ್ನು ಗುರುತಿಸುವುದಕ್ಕೆ ಕಲಿಕೆ ಬೇಡ, ಓದುವುದಕ್ಕೆ ಬೇಕು. ಮುಂಗಾಲು ದುಂಡು, ಹಿಂಗಾಲು ಉದ್ದುದ್ದ. ದುಂಡನೆ ಗುರುತಿನ ಸುತ್ತ ದಾರ ಹಿಡಿದು ಅಳೆದು ಎರಡರಿಂದ ಗುಣಿಸಿದರೆ ಹೆಗಲಿನ ಎತ್ತರ ಸಿಗುತ್ತದೆ. ಸುತ್ತಳತೆ 135 ಸೆಂಟಿಮೀಟರ್ ಬಂದರೆ ಎತ್ತರ 2.7 ಮೀಟರ್. ಹೆಣ್ಣಾನೆ ಇಷ್ಟು ಬೆಳೆಯುವುದು ಅಪರೂಪವಾದ್ದರಿಂದ ಅದು ಬಹುಮಟ್ಟಿಗೆ ಗಂಡು. ದೊಡ್ಡ ಗುರುತುಗಳ ನಡುವೆ ಪುಟ್ಟ ಗುರುತುಗಳಿದ್ದರೆ ಮರಿಯಿರುವ ಹಿಂಡು, ಇನ್ನೂ ಹುಷಾರಾಗಿರಬೇಕು. ಹೋದ ದಿಕ್ಕನ್ನು ಉಗುರಿನ ಅರ್ಧಚಂದ್ರಗಳು ಹೇಳುತ್ತವೆ. ಒಣ ಧೂಳಿನಲ್ಲಿ ಅವು ಮೂಡದಿದ್ದರೆ ಹುಲ್ಲು ಯಾವ ಕಡೆ ಬಾಗಿದೆ ನೋಡಿ. ಗದ್ದೆಯಲ್ಲಿ ಈ ಗುಂಡಿಗಳು ನೀರು ತುಂಬಿ ಬಹಳ ದಿನ ಉಳಿಯುತ್ತವೆ. ಇಂಥವುಗಳಲ್ಲಿ ಕಪ್ಪೆಗಳು ಮೊಟ್ಟೆಯಿಡುವುದನ್ನು ಮ್ಯಾನ್ಮಾರ್‌ನಲ್ಲಿ ವಿಜ್ಞಾನಿಗಳು ದಾಖಲಿಸಿದ್ದಾರೆ.

ಗೊರಸಿನವುಗಳಲ್ಲಿ ಗೊಂದಲ ಹಂದಿಗೂ ಜಿಂಕೆಗೂ. ಕಾಡುಹಂದಿಯ ಗೊರಸಿನ ಹಿಂದೆ ಎರಡು ಸಣ್ಣ ಗೊರಸುಗಳು ಮುಖ್ಯ ಗೊರಸಿಗಿಂತ ಹೊರಚಾಚಿ ಮೂಡುತ್ತವೆ. ಜಿಂಕೆಯಲ್ಲೂ ಓಡುವಾಗ ಅವು ಮೂಡಬಹುದು, ಆದರೆ ನೇರ ಹಿಂದೆ. ಕಡವೆಯದು ಜಿಂಕೆಯದೇ ಆಕಾರ, ಅಳತೆ ಮಾತ್ರ ದೊಡ್ಡದು. ಕಾಟಿಯ, ಅಂದರೆ ಕಾಡುಕೋಣದ ಹೆಜ್ಜೆ ಊರ ದನದ್ದನ್ನೇ ಹೋಲುತ್ತದೆ. ಅಷ್ಟು ದೊಡ್ಡ ಮೈಗೆ ಇಷ್ಟು ಚಿಕ್ಕ ಗೊರಸೇ ಎನ್ನಿಸಿದರೂ ಆಶ್ಚರ್ಯವಿಲ್ಲ.

ಕರಡಿಯ ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ, ಮುಂಗಾಲಿನ ಉಗುರಿನ ತುದಿ ಬಹಳ ಮುಂದೆ ನೆಟ್ಟಿರುತ್ತದೆ. ಹಿಂಗಾಲಿನದನ್ನು ಬರಿಗಾಲ ಮನುಷ್ಯನದೆಂದು ತಿಳಿಯುವವರುಂಟು. ಮುಳ್ಳುಹಂದಿ ಮುಳ್ಳು ಎಳೆದ ಗೀರು ಬಿಟ್ಟುಹೋಗುತ್ತದೆ. ಮೊಲ ಕುಪ್ಪಳಿಸುವಾಗ ಹಿಂಗಾಲಿನ ಗುರುತು ಮುಂಗಾಲಿಗಿಂತ ಮುಂದೆ ಬೀಳುತ್ತದೆ, ತಿಳಿಯದವರು ದಿಕ್ಕನ್ನು ತಿರುವುಮುರುವು ಹೇಳುತ್ತಾರೆ.

ನೋಡಲು ಒಳ್ಳೆಯ ಹೊತ್ತು ಸೂರ್ಯ ಓರೆಯಾಗಿರುವ ಬೆಳಿಗ್ಗೆ. ಹೆಜ್ಜೆ ನಿಮಗೂ ಸೂರ್ಯನಿಗೂ ನಡುವೆ ಇರಲಿ, ಅಂಚಿನ ನೆರಳು ಎದ್ದು ಕಾಣುತ್ತದೆ. ಫೋಟೊವನ್ನು ನೇರ ಮೇಲಿನಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಓರೆಯಾಗಿ ತೆಗೆದ ಫೋಟೊದಿಂದ ಅಳತೆ ಸಿಗುವುದಿಲ್ಲ. ಅಚ್ಚು ಬೇಕಾದರೆ ಒಂದು ಲೋಟ ನೀರಿಗೆ ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ರಟ್ಟಿನ ಪಟ್ಟಿಯಿಂದ ಸುತ್ತ ಕಟ್ಟೆ ಮಾಡಿ, ಹೆಜ್ಜೆಯ ಮೇಲೆ ಸುರಿಯದೆ ಪಕ್ಕದಿಂದ ಹರಿಯಬಿಡಿ. ಅರ್ಧ ಗಂಟೆ ಬಿಡಿ, ಮಂಜು ಕವಿದ ದಿನ ಇನ್ನೂ ಹೆಚ್ಚು. ಇದು ಕೆಸರಿಗೆ ಸರಿ, ಒಣ ಧೂಳಿನ ಗುರುತು ಸುರಿದೊಡನೆ ಕುಸಿಯುತ್ತದೆ.

ಹೊಸ ಹುಲಿ ಹೆಜ್ಜೆಯೋ ಆನೆ ಹೆಜ್ಜೆಯೋ ಆಗಿದ್ದರೆ ಅದರ ಬೆನ್ನು ಹತ್ತಿ ಹೋಗಬೇಡಿ. ಕೊಯ್ಲಿನವರನ್ನು ಆ ಕಡೆಗೆ ಇಳಿಸದೆ ಅರಣ್ಯ ಇಲಾಖೆಗೆ ತಿಳಿಸಿ. ಅವರು ಬರುವವರೆಗೆ ಜನರೂ ನಾಯಿಗಳೂ ತುಳಿಯದಂತೆ ಸಾಲಿನ ಎರಡು ಮೂರು ಒಳ್ಳೆಯ ಹೆಜ್ಜೆಗಳ ಮೇಲೆ ಬುಟ್ಟಿ ಕವುಚಿ, ಮೇಲೊಂದು ಕಲ್ಲು ಹೇರಿಡಿ.