ಮೊದಲಿನಂಗ ಇಲ್ಲ: ಮೆಟಲ್ ಬ್ಯಾಂಡಿನ ಹೊಸ ಆಲ್ಬಮ್ ಮತ್ತು ಹಳೆಯ ಕಿವಿ

2008ರ ಸೆಪ್ಟೆಂಬರಿನಲ್ಲಿ, ಕಲಬುರಗಿಯು ಸರಕಾರಿ ಕಾಗದಗಳಲ್ಲಿ ಇನ್ನೂ ಗುಲ್ಬರ್ಗಾ ಆಗಿದ್ದಾಗ, ಸೇಡಂ ರಸ್ತೆಯ ಒಂದು ಬಾಡಿಗೆ ಕೋಣೆಯಲ್ಲಿ ನಾವು ನಾಲ್ವರು ಗೆಳೆಯರು, ಅಬ್ಬರದ ಗಿಟಾರು ಮತ್ತು ಡ್ರಮ್ಮಿನ ಮೆಟಲ್ ಸಂಗೀತ ನುಡಿಸುವ ಅಮೆರಿಕದ ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಕೇಳಲು ಕೂತಿದ್ದೆವು. 2003ರ ‘ಸೇಂಟ್ ಆಂಗರ್’ ನಮ್ಮನ್ನು ನಿರಾಶೆಗೊಳಿಸಿದ ಮೇಲೆ ಐದು ವರ್ಷ ಕಾದಿದ್ದೆವು. ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಕಿಟಕಿಯ ಬಳಿ ಕೂತಿದ್ದವನು ಎದ್ದು ಧ್ವನಿ ತಗ್ಗಿಸಿ, “ಮೊದಲಿನಂಗ ಇಲ್ಲಲೇ” ಎಂದ. ಯಾರೂ ಎದುರು ಮಾತಾಡಲಿಲ್ಲ. ಶರಣಬಸವೇಶ್ವರರ ಜಾತ್ರೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹೊಸ ತಲೆಮಾರಿನ ಭಜನಾ ತಂಡ ಹಾಡಿದಾಗ ನಮ್ಮ ಓಣಿಯ ಹಿರಿಯರ ಬಾಯಿಂದ ಬರುತ್ತಿದ್ದದ್ದೂ ಇದೇ ಮಾತು. ಆ ನಿರಾಶೆಯನ್ನು ಒಂದು ಮೊತ್ತವೆಂದು ತಿಳಿದು, ಅದರಿಂದ ಒಂದೊಂದೇ ಕಾರಣವನ್ನು ಕಳೆಯುತ್ತ ಹೋದರೆ ಕೊನೆಗೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮೊದಲು ಕಳೆಯಬೇಕಾದದ್ದು ಕಿವಿಗೆ ನಿಜವಾಗಿಯೂ ಆದ ಹಿಂಸೆಯನ್ನು. ಅದೇ ವಾರ ನಾನು ಆ ಹಾಡುಗಳನ್ನು ಕಂಪ್ಯೂಟರಿನಲ್ಲಿ ಧ್ವನಿ ತಿದ್ದುವ ತಂತ್ರಾಂಶಕ್ಕೆ ಹಾಕಿ, ಅವುಗಳ ತರಂಗಚಿತ್ರವನ್ನು 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್ಮಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿದೆ. ಹಳೆಯದು ತೆನೆ ಬಿಟ್ಟ ಬಿಳಿಜೋಳದ ಹೊಲದಂತಿತ್ತು: ಒಂದು ತೆನೆ ಎತ್ತರ, ಒಂದು ಗಿಡ್ಡ, ನಡುನಡುವೆ ಬಯಲು. ಹೊಸದು ಯಂತ್ರದಲ್ಲಿ ಅಂಚು ಕತ್ತರಿಸಿದ ಶಹಾಬಾದ್ ಕಲ್ಲಿನ ಫರಸಿಯಂತೆ ಮೇಲೂ ಕೆಳಗೂ ಸಪಾಟಾಗಿತ್ತು. ಹಿಗ್ಗಿಸಿ ನೋಡಿದಾಗ ದುಂಡಗಿರಬೇಕಾದ ಅಲೆಯ ನೆತ್ತಿ ಎಷ್ಟೋ ಕಡೆ ಬೋಳಾಗಿ ಕಾಣಿಸಿತು.

ಇದಕ್ಕೆ ಕಾರಣವನ್ನು ನಮ್ಮ ಕಿವಿಯ ಸ್ವಭಾವದಲ್ಲಿಯೇ ಹುಡುಕಬೇಕು. ಧ್ವನಿ ಜೋರಾದಷ್ಟೂ ಅದರ ತಗ್ಗಿನ ಸ್ವರಗಳು ನಮಗೆ ಹೆಚ್ಚು ತುಂಬಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದರು. ಆದ್ದರಿಂದ ಅಕ್ಕಪಕ್ಕ ಕೇಳಿಸಿದ ಎರಡು ಹಾಡುಗಳಲ್ಲಿ ಜೋರಾಗಿರುವುದೇ ಚೆನ್ನಾಗಿದೆ ಎನಿಸಿಬಿಡುತ್ತದೆ. ಆದರೆ ಸಿ.ಡಿ.ಯಲ್ಲಿ ಧ್ವನಿಯ ಎತ್ತರಕ್ಕೆ ಒಂದು ಮೇಲ್ಮಿತಿ ಇದೆ. 65,536 ಮೆಟ್ಟಿಲುಗಳಾಚೆ ಅಲ್ಲಿ ಜಾಗವಿಲ್ಲ. ಹೀಗಿರುವಾಗ ಇಡೀ ಹಾಡನ್ನು ಇನ್ನಷ್ಟು ಜೋರು ಮಾಡಬೇಕೆಂದರೆ ಗಿಡ್ಡವಾದದ್ದನ್ನು ಎತ್ತಬೇಕು, ಎತ್ತರವಾದದ್ದನ್ನು ತುಳಿಯಬೇಕು ಅಥವಾ ಕತ್ತರಿಸಬೇಕು. ಕತ್ತರಿಸಿದಾಗ ಮೊದಲು ಸಾಯುವುದು ಡ್ರಮ್ಮಿನ ಏಟು, ಏಕೆಂದರೆ ಕೆಲವೇ ಮಿಲಿಸೆಕೆಂಡುಗಳ ಕಾಲ ಎಲ್ಲಕ್ಕಿಂತ ಎತ್ತರಕ್ಕೆ ಚಿಮ್ಮುವುದು ಅದೇ.

ಮೆಟಲ್ ಗಿಟಾರಿನ ನಾದವೂ ಅಲೆಯ ನೆತ್ತಿ ಕತ್ತರಿಸಿಯೇ ಹುಟ್ಟುವುದಲ್ಲವೇ ಎಂದು ತಿಳಿದವರು ಕೇಳಬಹುದು. ಹೌದು, ಆದರೆ ಅಲ್ಲಿ ಕತ್ತರಿ ಬೀಳುವುದು ಗಿಟಾರಿನ ಮೇಲೆ ಮಾತ್ರ. ಮೆಟಲ್ ಸಂಗೀತಗಾರರು ಹೆಚ್ಚಾಗಿ ನುಡಿಸುವ ಪವರ್ ಕಾರ್ಡ್ ಎಂದರೆ ಷಡ್ಜ ಮತ್ತು ಪಂಚಮ, ಅಂದರೆ 2ಕ್ಕೆ 3ರ ಅನುಪಾತದ ಎರಡು ಸ್ವರಗಳು. 200 ಮತ್ತು 300 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ, ಎರಡು ಸ್ವರಗಳು ಒಟ್ಟಿಗೆ ಕತ್ತರಿಗೆ ಸಿಕ್ಕಾಗ ಅವುಗಳ ವ್ಯತ್ಯಾಸವಾದ 100 ಮತ್ತು ಮೊತ್ತವಾದ 500 ಹರ್ಟ್ಜ್‌ಗಳೂ ಹುಟ್ಟಿಕೊಳ್ಳುತ್ತವೆ. ಈ 100 ಹರ್ಟ್ಜ್ ಮೂಲ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನದು. ಯಾರೂ ಮೀಟದೆಯೇ ಅದು ಕೇಳಿಸುತ್ತದೆ. ಈ ಸಂಗೀತದ ತೂಕದ ಬಹುಪಾಲು ಬರುವುದು ಇಲ್ಲಿಂದ, ಮತ್ತು ಭೌತಶಾಸ್ತ್ರ ಪಾಠ ಮಾಡುವ ನನಗೆ ಇದಕ್ಕಿಂತ ಚೆಲುವಾದ ಉದಾಹರಣೆ ಇನ್ನೊಂದು ಸಿಕ್ಕಿಲ್ಲ. ಆದರೆ ಗಿಟಾರು, ಡ್ರಮ್ಮು, ಕಂಠ ಎಲ್ಲವನ್ನೂ ಕೂಡಿಸಿದ ಮೇಲೆ ಕತ್ತರಿ ಆಡಿಸಿದರೆ, ಒಂದಕ್ಕೊಂದು ಶ್ರುತಿಯ ನಂಟಿಲ್ಲದ ಧ್ವನಿಗಳ ಮೊತ್ತ ಮತ್ತು ವ್ಯತ್ಯಾಸಗಳು ಹುಟ್ಟುತ್ತವೆ. ಅದು ನಾದವಲ್ಲ, ಕರಕರ ಸದ್ದು. ಅರ್ಧ ಗಂಟೆಯಲ್ಲಿ ತಲೆ ಹಿಡಿದುಕೊಳ್ಳುವುದು ಅದರಿಂದಲೇ.

ಇಲ್ಲಿ ಒಂದು ಪ್ರಯೋಗ ತಾನಾಗಿ ಒದಗಿಬಂತು. ಅದೇ ಆಲ್ಬಮ್ಮಿನ ಹಾಡುಗಳು ಅದೇ ತಿಂಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದಲ್ಲಿಯೂ ಬಂದವು, ಮತ್ತು ಆ ಆವೃತ್ತಿಯ ಧ್ವನಿ ಇಷ್ಟು ತುಳಿತಕ್ಕೆ ಒಳಗಾಗಿರಲಿಲ್ಲ. ಅದೇ ಹಾಡು, ಅದೇ ನುಡಿಸಾಣಿಕೆ, ಕತ್ತರಿ ಮಾತ್ರ ಇಲ್ಲ. ಕೆಲವು ತಿಂಗಳುಗಳ ಬಳಿಕ ನಾವು ಅದನ್ನು ಸಂಪಾದಿಸಿ ಅದೇ ಕೋಣೆಯಲ್ಲಿ ಕೇಳಿದೆವು. ಇಬ್ಬರ ಮುಖ ಅರಳಿತು. ಕಿಟಕಿಯ ಬಳಿಯ ಗೆಳೆಯ ಮಾತ್ರ, “ಸದ್ದು ಚಲೋ ಆಗ್ಯದ, ಖರೆ. ಆದ್ರೂ ಮೊದಲಿನಂಗ ಇಲ್ಲ” ಎಂದ. ಅವನ ಉಳಿದ ದೂರು ಸದ್ದಿನದಲ್ಲ.

ಆ ದೂರಿನಲ್ಲಿ ಒಂದು ಪಾಲು ಲೆಕ್ಕಾಚಾರದ್ದು. ಒಂದು ಬ್ಯಾಂಡಿಗೆ ನಾವು ಅಭಿಮಾನಿಗಳಾಗುವುದೇ ಅದರ ಅಸಾಧಾರಣ ಆಲ್ಬಮ್ಮಿನಿಂದ. ಸಾಧಾರಣ ಆಲ್ಬಮ್ ಮಾಡಿದ ಬ್ಯಾಂಡಿನ ಮುಂದಿನದನ್ನು ಯಾರೂ ಐದು ವರ್ಷ ಕಾಯುವುದಿಲ್ಲ. ಎರಡು ದಾಳಗಳನ್ನು ಉರುಳಿಸಿ 12 ಬಿದ್ದವರನ್ನು ಮಾತ್ರ ಬೇರೆ ನಿಲ್ಲಿಸಿ, ಅವರಿಂದ ಮತ್ತೊಮ್ಮೆ ಉರುಳಿಸಿದರೆ, 36ರಲ್ಲಿ 35 ಸಲ 12ಕ್ಕಿಂತ ಕಡಿಮೆಯೇ ಬೀಳುತ್ತದೆ. ಅವರ ಕೈ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಸಾಮಾನ್ಯವಾಗಿ ಅವರಿಗಿಂತ ಕೊಂಚ ಗಿಡ್ಡರಾಗಿರುವುದನ್ನು 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಗುರುತಿಸಿದ ಮೇಲೆ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವಿಕೆ ಎಂಬ ಹೆಸರು ನಿಂತಿತು. ಮಳೆ, ಬಿಸಿಲು, ರೋಗ, ಎಲ್ಲವೂ ಅನುಕೂಲವಾಗಿ ತೊಗರಿ ಭರ್ತಿ ಬಂದ ವರ್ಷವನ್ನೇ ಅಳತೆಗೋಲು ಮಾಡಿಕೊಂಡರೆ ಮರುವರ್ಷದ ಬೆಳೆ ಸೊರಗಿದಂತೆಯೇ ಕಾಣುತ್ತದೆ ಎಂಬುದು ನಮ್ಮ ಭಾಗದ ಯಾವ ರೈತನಿಗೆ ಗೊತ್ತಿಲ್ಲ? ಒಳ್ಳೆಯ ಆಲ್ಬಮ್ಮಿನಲ್ಲಿ ಪ್ರತಿಭೆಯ ಜೊತೆ ಇಂಥ ಕೂಡಿಬಂದ ಕಾಲವೂ ಇರುತ್ತದೆ. ದಾಳ ಎಲ್ಲಾದರೊಮ್ಮೆ ಮತ್ತೆ ಎತ್ತರಕ್ಕೆ ಬೀಳುವುದೂ ಉಂಟು: 1974ರಲ್ಲಿ ಮೊದಲ ಆಲ್ಬಮ್ ತಂದ ಜುಡಾಸ್ ಪ್ರೀಸ್ಟ್ ಬ್ಯಾಂಡಿನ ‘ಪೇನ್‌ಕಿಲ್ಲರ್’ 1990ರಲ್ಲಿ ಬಂದಾಗ ಅದು ಅವರ ಹನ್ನೆರಡನೆಯದು, ಮತ್ತು ಅಭಿಮಾನಿಗಳು ಇಂದಿಗೂ ತಲೆಯ ಮೇಲೆ ಹೊತ್ತುಕೊಳ್ಳುವಂಥದ್ದು.

ಆದರೂ ಇದೂ ಪೂರ್ತಿ ಉತ್ತರವಲ್ಲ, ಏಕೆಂದರೆ ನನ್ನ ಗೆಳೆಯ ಹೋಲಿಸುತ್ತಿದ್ದದ್ದು ಎರಡು ಆಲ್ಬಮ್‌ಗಳನ್ನಲ್ಲ. ಹದಿನೇಳರ ವಯಸ್ಸಿನಲ್ಲಿ ಹೈದರಾಬಾದಿನಿಂದ ತಂದ ಒಂದೇ ಕ್ಯಾಸೆಟ್ಟನ್ನು, ಟೇಪು ಸಡಿಲಾದಾಗಲೆಲ್ಲ ಪೆನ್ಸಿಲು ತೂರಿಸಿ ಬಿಗಿ ಮಾಡುತ್ತ, ಅವನು ನೂರಾರು ಸಲ ಕೇಳಿದ್ದ. ಯಾವ ವಿರಾಮದ ಬಳಿಕ ಯಾವ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಪುಟ್ಟ ಸ್ವರಗುಚ್ಛ, ಮರಳುತ್ತದೆ ಎಂಬುದು ಅವನಿಗೆ ತನ್ನ ಮನೆಯ ಮೆಟ್ಟಿಲುಗಳಷ್ಟು ಪರಿಚಿತವಾಗಿತ್ತು. ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವ್ಯಾಲರಿ ಸಲೀಂಪುರ್, ರಾಬರ್ಟ್ ಝಟೋರೆ ಮತ್ತು ಸಂಗಡಿಗರು, ಮೈ ಜುಮ್ಮೆನ್ನಿಸುವ ತಮ್ಮ ಮೆಚ್ಚಿನ ಸಂಗೀತವನ್ನು ಕೇಳುತ್ತಿರುವವರ ಮಿದುಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪರಿಚಯದ ಬೆಲೆಯನ್ನು ತೋರಿಸುತ್ತದೆ. ಆ ರೋಮಾಂಚದ ಗಳಿಗೆಯಲ್ಲಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ, ಸಂತೋಷದೊಂದಿಗೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿತ್ತು; ಆದರೆ ಅದಕ್ಕೂ ಕೆಲವು ಸೆಕೆಂಡು ಮುಂಚೆ, ಇನ್ನೇನು ಬರಲಿದೆ ಎಂದು ಕಾಯುವಾಗಲೇ, ಕಾಡೇಟ್ ಎಂಬ ಬೇರೊಂದು ಭಾಗದಲ್ಲಿಯೂ ಅದು ಬಿಡುಗಡೆಯಾಗುತ್ತಿತ್ತು. ಗೊತ್ತಿರುವ ಹಾಡು ನಮಗೆ ಎರಡು ಸಲ ಸಂತೋಷ ಕೊಡುತ್ತದೆ, ಬರುವ ಮುಂಚೆ ಒಮ್ಮೆ, ಬಂದಾಗ ಇನ್ನೊಮ್ಮೆ. ಮೊದಲ ಸಲ ಕೇಳುವ ಹಾಡಿನಲ್ಲಿ ಆ ಕಾಯುವಿಕೆಗೆ ಹಿಡಿದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ.

ಇದೇ ತಂಡ 2013ರಲ್ಲಿ ಜನರಿಗೆ ಎಂದೂ ಕೇಳಿರದ 60 ಹಾಡಿನ ತುಣುಕುಗಳನ್ನು ಕೇಳಿಸಿ, ಇಷ್ಟವಾದದ್ದಕ್ಕೆ ಸ್ವಂತ ಹಣ ಕೊಡಲು ಅವಕಾಶವಿತ್ತಿತು. ಹೆಚ್ಚು ಹಣ ಕೊಟ್ಟ ಹಾಡುಗಳ ವೇಳೆ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಹೆಚ್ಚು ಚುರುಕಾಗಿತ್ತು, ಮತ್ತು ಶ್ರವಣಕ್ಕೆ ಸಂಬಂಧಿಸಿದ ಮಿದುಳಿನ ಭಾಗದೊಂದಿಗೆ ಅದರ ಸಂಪರ್ಕವೂ ಹೆಚ್ಚಿತ್ತು. ಈ ಶ್ರವಣ ಭಾಗದಲ್ಲಿಯೇ ನಾವು ಹಿಂದೆ ಕೇಳಿದ ಸಂಗೀತದ ಅಚ್ಚುಗಳಿರುತ್ತವೆ ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಹಾಗಿದ್ದರೆ ಹೊಸ ಆಲ್ಬಮ್ಮನ್ನು ತೂಗುವ ತಕ್ಕಡಿಯನ್ನು ಹಳೆಯ ಆಲ್ಬಮ್ಮೇ ಮಾಡಿಕೊಟ್ಟಿರುತ್ತದೆ. ಬೇರೆ ಬ್ಯಾಂಡಿನ ಹಾಡನ್ನು ನನ್ನ ಗೆಳೆಯ ಮುಕ್ತವಾಗಿ ಕೇಳಬಲ್ಲ. ಮೆಟಾಲಿಕಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ಅವನೊಳಗಿನ 1986ರ ಅಚ್ಚು ಎದ್ದು ಕೂರುತ್ತದೆ.

ಅಚ್ಚಿನ ವಯಸ್ಸೂ ಮುಖ್ಯ. ಹೋಲ್‌ಬ್ರುಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಸುಮಾರು 24 ವರ್ಷದವರಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳಿಗೇ ಜನ ಹೆಚ್ಚಿನ ಮೆಚ್ಚುಗೆ ತೋರಿದರು. ಮೆಟಲ್ ಕೇಳುಗರಲ್ಲಿ ಈ ಹಿಡಿತ ಇನ್ನೂ ಬಿಗಿಯಾಗಿರುತ್ತದೆ ಎಂಬುದು ನನ್ನ ಅನಿಸಿಕೆ. ಸುತ್ತಲಿನವರೆಲ್ಲ ಸಿನಿಮಾ ಹಾಡು ಕೇಳುವ ಊರಿನಲ್ಲಿ ಮೆಟಲ್ ಕೇಳುವ ಹುಡುಗ ಒಂದು ಹಾಡನ್ನಷ್ಟೇ ಆರಿಸಿಕೊಂಡಿರುವುದಿಲ್ಲ. ತಾನು ಯಾರು ಎಂಬುದಕ್ಕೆ ಒಂದು ಉತ್ತರವನ್ನೂ ಆರಿಸಿಕೊಂಡಿರುತ್ತಾನೆ. 1996ರ ‘ಲೋಡ್’ ಹೊತ್ತಿಗೆ ಮೆಟಾಲಿಕಾದವರು ತಲೆಗೂದಲು ಕತ್ತರಿಸಿಕೊಂಡದ್ದು ಸಂಗೀತದಷ್ಟೇ ದೊಡ್ಡ ಸುದ್ದಿಯಾದದ್ದು ಇದರಿಂದ.

ಬ್ಯಾಂಡಿಗೂ ಇಲ್ಲಿ ಸುಲಭದ ದಾರಿಯಿಲ್ಲ. ತೀರಾ ಪರಿಚಿತವಾದದ್ದು ಬೇಸರ ತರುತ್ತದೆ, ತೀರಾ ಅಪರಿಚಿತವಾದದ್ದು ಹೊರಗೆ ತಳ್ಳುತ್ತದೆ, ಮೆಚ್ಚುಗೆ ಇವೆರಡರ ನಡುವೆ ಎಲ್ಲೋ ತುದಿ ಮುಟ್ಟುತ್ತದೆ ಎಂದು ಮನೋವಿಜ್ಞಾನಿ ಡೇನಿಯಲ್ ಬರ್ಲೈನ್ 1970ರ ದಶಕದಲ್ಲಿ ವಾದಿಸಿದ್ದರು. ಸ್ವೀಡನ್ನಿನ ಓಪೆತ್ ಬ್ಯಾಂಡು 2011ರ ‘ಹೆರಿಟೇಜ್’ ಆಲ್ಬಮ್ಮಿನಲ್ಲಿ ಗುಡುಗುವ ಕಂಠವನ್ನು ಕೈಬಿಟ್ಟಾಗ ಹಳೆಯ ಅಭಿಮಾನಿಗಳಲ್ಲಿ ಎಷ್ಟೋ ಜನ ಮುನಿಸಿಕೊಂಡರು; 2024ರಲ್ಲಿ ಆ ಕಂಠ ಆಲ್ಬಮ್ಮಿಗೆ ಮರಳಿತು.

ಸದ್ದನ್ನು ಕಳೆದೆ, ದಾಳವನ್ನು ಕಳೆದೆ, ನೆನಪನ್ನು ಕಳೆಯಬಹುದಾದಷ್ಟು ಕಳೆದೆ. ಆಮೇಲೂ ಒಂದು ಉಳಿಯಿತು. 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್ನಿನಲ್ಲಿ ಮೆಟಾಲಿಕಾದವರ ಬಸ್ಸು ಉರುಳಿ, ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡರು. ವಯಸ್ಸು 24. ಬ್ಯಾಂಡಿನ ನಾಲ್ವರಲ್ಲಿ ಸಂಗೀತಶಾಸ್ತ್ರವನ್ನು ಹೆಚ್ಚು ಬಲ್ಲವರು ಅವರು. ಎರಡು ಗಿಟಾರುಗಳು ಬೇರೆ ಬೇರೆ ಸ್ವರಗಳಲ್ಲಿ ಜೊತೆಯಾಗಿ ಸಾಗುವ ಕ್ರಮ ಆ ಹಳೆಯ ಆಲ್ಬಮ್‌ಗಳಲ್ಲಿ ಬೆಳೆದದ್ದರ ಹಿಂದೆ ಅವರ ಕೈ ಇತ್ತು.

ಕಳೆದ ಚಳಿಗಾಲದಲ್ಲಿ ಆ ಗೆಳೆಯ ಊರಿಗೆ ಬಂದಿದ್ದ. ಸಂಜೆ ಅಪ್ಪನ ಕೆರೆಯ ಕಟ್ಟೆಯ ಮೇಲೆ ಕೂತು, ಒಂದೇ ಇಯರ್‌ಫೋನಿನ ಒಂದೊಂದು ಎಳೆಯನ್ನು ಹಂಚಿಕೊಂಡು, 1986ರ ಆಲ್ಬಮ್ಮಿನ ‘ಓರಾಯನ್’ ಕೇಳಿದೆವು. ಅದರಲ್ಲಿ ಸಾಹಿತ್ಯವಿಲ್ಲ, ಕಂಠವಿಲ್ಲ. ನಡುವೆ ಒಂದು ಕಡೆ ಅಬ್ಬರವೆಲ್ಲ ನಿಂತು, ಬರ್ಟನ್ನರ ಬೇಸ್ ನಿಧಾನವಾಗಿ ಮುಂದೆ ಬಂದು, ಗಿಟಾರುಗಳು ಆಮೇಲೆ ಅದನ್ನು ಸೇರಿಕೊಳ್ಳುತ್ತವೆ. ಆ ಜಾಗ ಬರುವ ಮುಂಚೆಯೇ ಗೆಳೆಯನ ಬೆರಳು ಕಟ್ಟೆಯ ಕಲ್ಲಿನ ಮೇಲೆ ಆಡತೊಡಗಿತ್ತು.