ಬೋಲ್ಟ್‌ಗೆ ನಟ್ ಇತ್ತೇ?

ಮನೆ ಇದ್ದ ಜಾಗದಲ್ಲಿ ಈಗ ಉಳಿದಿರುವುದು ಕಾಂಕ್ರೀಟಿನ ಅಡಿಪಾಯ ಮಾತ್ರ. ಅದರ ಅಂಚಿನುದ್ದಕ್ಕೂ ಕೆಲವು ಅಡಿಗೊಂದರಂತೆ ಕಬ್ಬಿಣದ ಬೋಲ್ಟ್‌ಗಳು ಮೇಲಕ್ಕೆ ನಿಂತಿವೆ. ಸುಂಟರಗಾಳಿಯ ಹಾನಿಯ ಸಮೀಕ್ಷೆಗೆ ಬಂದ ಹವಾಮಾನ ತಜ್ಞ ಒಂದು ಬೋಲ್ಟ್‌ನ ಮುಂದೆ ಮಂಡಿಯೂರಿ ಕೂರುತ್ತಾನೆ. ಅದು ಬಗ್ಗಿದೆಯೇ, ನೆಟ್ಟಗಿದೆಯೇ? ಅದಕ್ಕೆ ನಟ್ ಇದೆಯೇ? ನಟ್‌ನ ಕೆಳಗೆ ವಾಷರ್ ಇದೆಯೇ? ಬೋಲ್ಟ್ ಬಗ್ಗಿದ್ದು, ನಟ್ ಬಿಗಿಯಾಗಿಯೇ ಇದ್ದು, ವಾಷರ್‌ನ ಕೆಳಗೆ ಸೀಳಿದ ಮರದ ಚೂರೊಂದು ಸಿಕ್ಕಿಕೊಂಡಿದ್ದರೆ, ಆ ಮನೆ ಕೊನೆಯವರೆಗೂ ಹಿಡಿದುಕೊಂಡಿತ್ತು, ಗಾಳಿ ಅದನ್ನು ಕಿತ್ತೇ ಒಯ್ದಿತು ಎಂದರ್ಥ. ಬೋಲ್ಟ್ ನೆಟ್ಟಗಿದ್ದು, ಅದರ ತಿರುಪಿನ ಗೆರೆಗಳು ಒಂದಿಷ್ಟೂ ಸವೆಯದೆ ಹೊಸದರಂತೆ ಹೊಳೆಯುತ್ತಿದ್ದರೆ, ಮನೆ ಕಟ್ಟಿದ ದಿನದಿಂದಲೂ ಅಲ್ಲಿ ನಟ್ ಇರಲೇ ಇಲ್ಲ. ಅಂಥ ಮನೆಯನ್ನು ಎತ್ತಿಕೊಂಡು ಹೋಗಲು ಎಷ್ಟೋ ಕಡಿಮೆ ಗಾಳಿ ಸಾಕು.

ಸುಂಟರಗಾಳಿಯ ವೇಗವನ್ನು ಬಹುತೇಕ ಯಾವತ್ತೂ ಯಾರೂ ಅಳೆಯುವುದಿಲ್ಲ. ಅದು ಹಾದುಹೋಗುವ ಕೆಲವೇ ನೂರು ಮೀಟರ್ ಅಗಲದ ದಾರಿಯಲ್ಲಿ ಗಾಳಿಮಾಪಕ ಇರುವುದೇ ಅಪರೂಪ, ಇದ್ದರೂ ಅದು ಉಳಿಯುವುದಿಲ್ಲ. ಹಾಗಾಗಿ ಸುಂಟರಗಾಳಿಯ ಬಿರುಸಿಗೆ ಸೊನ್ನೆಯಿಂದ ಐದರವರೆಗೆ ಕೊಡುವ, ಪತ್ರಿಕೆಗಳಲ್ಲಿ ಬರುವ 'ಇಎಫ್-3', 'ಇಎಫ್-4' ಎಂಬ ದರ್ಜೆಗಳು ಗಾಳಿ ಹೋದ ಮೇಲೆ, ಅದು ಮುರಿದುಹಾಕಿದ್ದನ್ನು ನೋಡಿ ಓದಿಕೊಂಡ ಲೆಕ್ಕಗಳು. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಬೇಸಗೆಯ ಮಧ್ಯಾಹ್ನ ಏಳುವ ಧೂಳಿನ ಸುಳಿಗೂ ನಾವು ಸುಂಟರಗಾಳಿ ಎಂದೇ ಕರೆಯುತ್ತೇವೆ. ಇಲ್ಲಿ ಹೇಳುತ್ತಿರುವುದು ಗುಡುಗುಮೋಡದ ಹೊಟ್ಟೆಯಿಂದ ನೆಲಕ್ಕಿಳಿಯುವ ಟಾರ್ನೇಡೊ ಬಗ್ಗೆ.

2021ರ ಡಿಸೆಂಬರ್ 10ರ ರಾತ್ರಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಮಧ್ಯದಕ್ಷಿಣ ರಾಜ್ಯಗಳಲ್ಲಿ ಡಿಸೆಂಬರಿಗೆ ಒಗ್ಗದ ಸೆಕೆಯಿತ್ತು. ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚನೆಯ ತೇವದ ಗಾಳಿ ಒಳನಾಡಿಗೆ ನುಗ್ಗಿತ್ತು, ಬಹು ಎತ್ತರದಲ್ಲಿ ವೇಗವಾಗಿ ಬೀಸುವ ಗಾಳಿಯ ಹೊಳೆ, ಚಳಿಗಾಲದ ಜೆಟ್ ಪ್ರವಾಹ, ಮೇಲೆ ಅಬ್ಬರಿಸುತ್ತಿತ್ತು. ಅರ್ಕಾನ್ಸಾ ರಾಜ್ಯದಲ್ಲಿ ಹುಟ್ಟಿದ ಒಂದೇ ಒಂದು ಬಿರುಮೋಡ ಮಿಸೌರಿಯ ಮೂಲೆಯನ್ನೂ ಟೆನೆಸಿಯನ್ನೂ ದಾಟಿ, ರಾತ್ರಿ ಒಂಬತ್ತೂವರೆಯ ಸುಮಾರಿಗೆ ಕೆಂಟಕಿಯ ಮೇಫೀಲ್ಡ್ ಪಟ್ಟಣದ ನಡುವಿನಿಂದ ಹಾದುಹೋಯಿತು. ಕೋರ್ಟ್ ಕಟ್ಟಡದ ಗೋಪುರ ಉರುಳಿತು. ಮೇಣದಬತ್ತಿ ಕಾರ್ಖಾನೆಯೊಂದು ರಾತ್ರಿ ಪಾಳಿಯ ಕೆಲಸಗಾರರ ಮೇಲೆ ಕುಸಿದು 9 ಜನ ಸತ್ತರು. ಒಂದು ಗಂಟೆಯ ನಂತರ ಡಾಸನ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನ ಸರದಿ. ಅಲ್ಲಿನ ಮನೆಯೊಂದರ ಹಳೆಯ ಕಪ್ಪುಬಿಳುಪು ಫೋಟೊ ಮರುದಿನ ಬೆಳಿಗ್ಗೆ ಇಂಡಿಯಾನಾದ ನ್ಯೂ ಆಲ್ಬನಿಯಲ್ಲಿ, ಸುಮಾರು 200 ಕಿ.ಮೀ. ಆಚೆ, ಯಾರದೋ ಕಾರಿನ ಗಾಜಿಗೆ ಅಂಟಿಕೊಂಡಿತ್ತು.

ಬೆಳಗಾಗುವಷ್ಟರಲ್ಲಿ ಟಿವಿಗಳಲ್ಲಿ ಒಂದು ಮಾತು ಓಡಾಡುತ್ತಿತ್ತು: ಇದು ನಾಲ್ಕು ರಾಜ್ಯಗಳನ್ನು ಒಂದೇ ಓಟದಲ್ಲಿ ಸೀಳಿದ ಸುಂಟರಗಾಳಿ, 1925ರ ಮಾರ್ಚ್ 18ರ 'ಟ್ರೈಸ್ಟೇಟ್' (ಮೂರು ರಾಜ್ಯಗಳ) ಸುಂಟರಗಾಳಿಯ ಅತಿ ಉದ್ದದ ಓಟದ ದಾಖಲೆ ಮುರಿಯಿತು ಎಂದು. 1925ರ ಆ ಸುಂಟರಗಾಳಿ 219 ಮೈಲಿ, ಎಂದರೆ 352 ಕಿ.ಮೀ. ಓಡಿ 695 ಜನರನ್ನು ಕೊಂದಿತ್ತು ಎಂಬುದು ದಾಖಲೆ. ರೇಡಾರ್ ನೋಡಿದವರಿಗೆ ಹೊಸ ದಾಖಲೆಯ ಮಾತು ಸಹಜವೆನ್ನಿಸಿತ್ತು, ಏಕೆಂದರೆ ಮೋಡ ಒಂದೇ, ಸುಳಿಯೂ ಕಡಿದಂತೆ ಕಾಣುತ್ತಿರಲಿಲ್ಲ. ಆದರೆ ರೇಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲಕ್ಕೆ ಸರಿಯುತ್ತದೆ. ನೆಲಮಟ್ಟದಲ್ಲಿ ಏನಾಯಿತೆಂದು ನೆಲಕ್ಕೆ ಹೋಗಿಯೇ ನೋಡಬೇಕು.

ನೋಡಲು ಹೋಗುವವರು ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯ ಸ್ಥಳೀಯ ಕಚೇರಿಯವರು. ಮೇಫೀಲ್ಡ್ ಪಡೂಕಾ ಕಚೇರಿಯ ವ್ಯಾಪ್ತಿಯಲ್ಲಿದೆ, ಅಲ್ಲಿಂದ ನಲವತ್ತು ಕಿ.ಮೀ. ದೂರ. ಹಿಂದಿನ ರಾತ್ರಿ ಆ ಪಟ್ಟಣಕ್ಕೆ ಅತಿ ಗಂಭೀರ ಎಚ್ಚರಿಕೆ ಕೊಟ್ಟಿದ್ದೂ ಅದೇ ಕಚೇರಿ. ಆ ಎಚ್ಚರಿಕೆ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂಬುದು ಅವರ ಕಣ್ಣೆದುರೇ ಬಿದ್ದಿರುತ್ತದೆ. ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು, ಪ್ರತಿ ಮುರಿದ ಮರ, ಪ್ರತಿ ಬಿದ್ದ ಗೋಡೆಯ ಫೋಟೊ ತೆಗೆದು, ನಕ್ಷೆಯ ಮೇಲೆ ಗುರುತು ಹಾಕುತ್ತಾ ನಡೆಯುತ್ತಾರೆ. ರಕ್ಷಣಾ ಕಾರ್ಯ ನಡೆಯುತ್ತಿರುವಲ್ಲಿ ಕಾಯುತ್ತಾರೆ. ಮನೆಯವರು ಅವಶೇಷದಲ್ಲಿ ಏನನ್ನೋ ಹುಡುಕುತ್ತಿದ್ದರೆ ಮೊದಲು ಅವರನ್ನು ಮಾತನಾಡಿಸುತ್ತಾರೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುವುದರಿಂದ ದಿನಕ್ಕೆ ಸಿಗುವುದು ಕೆಲವೇ ಗಂಟೆಗಳ ಬೆಳಕು.

ಚಳಿಗಾಲದ ಸಮೀಕ್ಷೆಗೆ ಬೇರೆ ತೊಡಕುಗಳೂ ಇವೆ. ಎಲೆ ಉದುರಿದ ಮರ ಗಾಳಿಗೆ ಅಷ್ಟಾಗಿ ಸಿಕ್ಕುವುದಿಲ್ಲ, ಜೂನ್‌ನಲ್ಲಿ ಉರುಳುವ ಓಕ್ ಮರ ಅದೇ ಗಾಳಿಗೆ ಡಿಸೆಂಬರಿನಲ್ಲಿ ನಿಂತುಬಿಡಬಹುದು. ಮರಗಳು ಬಿದ್ದ ದಿಕ್ಕನ್ನು ಓದುವುದೂ ಕಷ್ಟ. ಸಾಮಾನ್ಯ ನಿಯಮವೇನೋ ಸರಳ: ಸುಂಟರಗಾಳಿ ಹಾದುಹೋದಲ್ಲಿ ಎರಡೂ ಬದಿಯ ಮರಗಳು ದಾರಿಯ ನಡುಗೆರೆಯ ಕಡೆಗೆ ತಲೆ ಹಾಕಿ ಬಿದ್ದಿರುತ್ತವೆ. ಮೋಡದಿಂದ ಧುಮ್ಮಿಕ್ಕಿ ನೆಲಕ್ಕೆ ಬಡಿದು ಹರಡುವ ಗಾಳಿಯಾದರೆ ಬೀಸಣಿಗೆ ಬಿಚ್ಚಿದಂತೆ ಹೊರಕ್ಕೆ ಬಿದ್ದಿರುತ್ತವೆ. ಆದರೆ ಚಳಿಗಾಲದ ಬಿರುಮೋಡ ಜೆಟ್ ಪ್ರವಾಹದ ಬೆನ್ನೇರಿ ಗಂಟೆಗೆ ತೊಂಬತ್ತು ಕಿ.ಮೀ. ವೇಗದಲ್ಲಿ ಓಡುತ್ತದೆ. ಆ ಓಟದ ವೇಗ ಸುಳಿಯ ಬಲಬದಿಗೆ ಕೂಡಿಕೊಳ್ಳುತ್ತದೆ, ಎಡಬದಿಯಲ್ಲಿ ಕಳೆದುಹೋಗುತ್ತದೆ. ದುರ್ಬಲ ಸುಳಿಯಾದರೆ ಹೆಚ್ಚುಕಡಿಮೆ ಎಲ್ಲ ಮರಗಳೂ ಮುಂದಕ್ಕೇ ಬಿದ್ದು, ಇದು ಸುಂಟರಗಾಳಿಯೋ ನೇರಗಾಳಿಯೋ ಎಂಬ ಗೊಂದಲ ಹುಟ್ಟುತ್ತದೆ. ಮೇಫೀಲ್ಡ್ ದುರಂತದ ಐದೇ ದಿನಕ್ಕೆ, ಡಿಸೆಂಬರ್ 15ರಂದು, ಅಯೋವಾ ಮತ್ತು ಮಿನೆಸೋಟದ ಮೇಲೆ ಇನ್ನೊಂದು ಬಿರುಗಾಳಿಯ ಸಾಲು ಹಾದುಹೋದಾಗ ಸಮೀಕ್ಷಕರು ಬಿಡಿಸಬೇಕಾಗಿದ್ದು ಇಂಥದೇ ಗಂಟನ್ನು. ಬಿಡಿಸಿದ ಮೇಲೆ ಹಾರ್ಟ್‌ಲ್ಯಾಂಡ್ ಎಂಬ ಊರಿನ ಹಾನಿ ಮಿನೆಸೋಟದ ಚರಿತ್ರೆಯಲ್ಲೇ ಡಿಸೆಂಬರ್ ತಿಂಗಳಲ್ಲಿ ದಾಖಲಾದ ಮೊದಲ ಸುಂಟರಗಾಳಿಯದು ಎಂದು ತಿಳಿಯಿತು.

ಮರ ನೋಡಿ ಗಾಳಿ ಓದುವ ಈ ವಿದ್ಯೆಯ ಮೂಲದಲ್ಲಿ ಒಂದು ಅಣುಬಾಂಬ್ ಇದೆ. ಜಪಾನಿನ ತೆತ್ಸುಯಾ ಫುಜಿತಾ 1945ರಲ್ಲಿ ಕೊಕುರಾ ಪ್ರದೇಶದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ 24ರ ತರುಣ. ಆಗಸ್ಟ್ 9ರಂದು ಅಮೆರಿಕದ ವಿಮಾನ ಮೊದಲು ಬಂದಿದ್ದು ಕೊಕುರಾ ಮೇಲೆ. ಮೋಡ, ಹೊಗೆ ಕವಿದು ಗುರಿ ಕಣ್ಣಿಗೆ ಬೀಳದ್ದರಿಂದ ಅದು ನಾಗಸಾಕಿಗೆ ತಿರುಗಿತು. ಕೆಲವು ವಾರಗಳ ನಂತರ ಫುಜಿತಾ ನಾಗಸಾಕಿಗೆ ಹೋಗಿ, ಸ್ಮಶಾನದ ಸಮಾಧಿಗಳ ಮುಂದಿನ ಬಿದಿರಿನ ಹೂದಾನಿಗಳು ಯಾವ ಬದಿಯಲ್ಲಿ ಸುಟ್ಟಿವೆ ಎಂದು ನೋಡಿ ಬಾಂಬ್ ಎಷ್ಟು ಎತ್ತರದಲ್ಲಿ ಸಿಡಿಯಿತೆಂದು ಲೆಕ್ಕ ಹಾಕಿದ. ಸ್ಫೋಟದ ಕೆಳಗೆ ಮರಗಳು ನಕ್ಷತ್ರದ ಆಕಾರದಲ್ಲಿ ಹೊರಕ್ಕೆ ಬಿದ್ದಿದ್ದನ್ನೂ ಕಂಡ. ಬದುಕುಳಿದದ್ದು ಮೋಡದ ಕೃಪೆ ಎಂದು ಗೊತ್ತಿದ್ದ ಮನುಷ್ಯ, ಸತ್ತವರ ಊರಿನಲ್ಲಿ ನಿಂತು ಅಷ್ಟು ಸೂಕ್ಷ್ಮವಾಗಿ ನೋಡಿದನಲ್ಲ ಎಂಬುದು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಮುಂದೆ ಶಿಕಾಗೊ ವಿಶ್ವವಿದ್ಯಾಲಯ ಸೇರಿದ ಆತ 1974ರ ಏಪ್ರಿಲ್‌ನಲ್ಲಿ 148 ಸುಂಟರಗಾಳಿಗಳು ಎದ್ದ ಮಹಾ ದುರಂತದ ನಂತರ ವಿಮಾನದಿಂದ ಹಾನಿಯ ನಕ್ಷೆ ಬರೆಯುವಾಗ, ಕಾಡಿನ ನಡುವೆ ಅದೇ ನಕ್ಷತ್ರವನ್ನು ಮತ್ತೆ ಕಂಡ. ಮೋಡದಿಂದ ಕೆಳಕ್ಕೆ ಬಡಿಯುವ ಗಾಳಿಯ ಕಲ್ಪನೆ ಬೆಳೆದದ್ದು ಅಲ್ಲಿಂದ. ಇಂದು ವಿಮಾನಗಳು ಇಳಿಯುವಾಗ ಪೈಲಟ್‌ಗಳಿಗೆ ಸಿಗುವ ಗಾಳಿಯ ಎಚ್ಚರಿಕೆಗೂ ಅದೇ ಬುನಾದಿ.

ಫುಜಿತಾ 1971ರಲ್ಲಿ ಕೊಟ್ಟ ಎಫ್ ಮಾಪಕದಲ್ಲಿ ಒಂದು ಕೊರತೆ ಇತ್ತು. ಮನೆ ನೆಲಸಮವಾಗಿದೆಯೇ, ಹಾಗಾದರೆ ಗಾಳಿ ಭಯಂಕರ ಎಂದು ಅದು ತೀರ್ಮಾನಿಸುತ್ತಿತ್ತು. ಮನೆ ಹೇಗೆ ಕಟ್ಟಿತ್ತು ಎಂದು ಸರಿಯಾಗಿ ಕೇಳುತ್ತಿರಲಿಲ್ಲ. ಕೇಳಲು ಹೊರಟವರು ಎಂಜಿನಿಯರ್‌ಗಳು. 1970ರ ಮೇನಲ್ಲಿ ಟೆಕ್ಸಸ್‌ನ ಲಬಕ್ ನಗರವನ್ನು ಸುಂಟರಗಾಳಿ ಹೊಡೆದು 26 ಜನ ಸತ್ತಾಗ, ಅದೇ ಊರಿನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿದ್ದ ಭಾರತ ಮೂಲದ ಕಿಶೋರ್ ಮೆಹ್ತಾ ಮತ್ತು ಜೇಮ್ಸ್ ಮೆಕ್‌ಡೊನಾಲ್ಡ್ ಮುರಿದ ಕಟ್ಟಡಗಳ ಅಧ್ಯಯನಕ್ಕೆ ತೊಡಗಿದರು. ಅವರಿಬ್ಬರ ನೇತೃತ್ವದಲ್ಲಿ ರೂಪುಗೊಂಡ ಸುಧಾರಿತ ಮಾಪಕವೇ 2007ರ ಫೆಬ್ರುವರಿ 1ರಿಂದ ಜಾರಿಯಲ್ಲಿರುವ ಇಎಫ್, ಎಂದರೆ 'ಎನ್‌ಹ್ಯಾನ್ಸ್‌ಡ್ ಫುಜಿತಾ'. ಅದರಲ್ಲಿ ಮನೆ, ಶಾಲೆ, ಗೋದಾಮು, ವಿದ್ಯುತ್ ಗೋಪುರ, ಮರ ಹೀಗೆ 28 ಬಗೆಯ ಸಾಕ್ಷಿಗಳಿವೆ. ಒಂದೊಂದಕ್ಕೂ ಹಾನಿಯ ಮೆಟ್ಟಿಲುಗಳು. ಗಟ್ಟಿ ಮರ ಬುಡಸಮೇತ ಉರುಳಿದರೆ ಗಾಳಿ ಗಂಟೆಗೆ ಸುಮಾರು 146 ಕಿ.ಮೀ., ಕಾಂಡ ಮುರಿದರೆ 177, ತೊಗಟೆ ಸುಲಿದು ಮೊಂಡು ಉಳಿದರೆ 230. ಸಾಧಾರಣ ಮನೆಯ ಗೋಡೆಗಳೆಲ್ಲ ಬಿದ್ದರೆ 274, ಅಡಿಪಾಯದಿಂದ ಗುಡಿಸಿಕೊಂಡು ಹೋಗಿದ್ದರೆ 322. ಈ ಅಂಕಿಗಳನ್ನು ಕಟ್ಟಡದ ಗಟ್ಟಿತನ ನೋಡಿ ಏರಿಸಬಹುದು, ಇಳಿಸಬಹುದು. ಬೋಲ್ಟ್‌ನ ಮುಂದೆ ಮಂಡಿಯೂರುವುದು ಇದಕ್ಕಾಗಿ.

ಮೇಫೀಲ್ಡ್ ಸಮೀಕ್ಷೆಗೆ ಮೆಂಫಿಸ್, ಪಡೂಕಾ, ಲೂಯಿವಿಲ್ ಮೂರೂ ಕಚೇರಿಗಳು ತಮ್ಮ ತಮ್ಮ ತುಂಡಿನ ದಾರಿ ನಡೆದು, ನಕ್ಷೆಗಳನ್ನು ಜೋಡಿಸಿದವು. ಜೋಡಿಸಿದಾಗ ಟೆನೆಸಿಯ ಒಬಿಯನ್ ಕೌಂಟಿಯಲ್ಲಿ ಹಾನಿಯ ದಾರಿ ಕಡಿದಿತ್ತು. ಅರ್ಕಾನ್ಸಾದಿಂದ ಬಂದ ಸುಂಟರಗಾಳಿ ಸುಮಾರು 130 ಕಿ.ಮೀ. ಓಡಿ ಅಲ್ಲಿ ಎದ್ದುಹೋಗಿತ್ತು. ಅದೇ ಮೋಡದಿಂದ ಹೊಸದೊಂದು ಇಳಿದು, ಮೇಫೀಲ್ಡ್ ದಾಟಿ, ಹೆಚ್ಚುಕಡಿಮೆ ಮೂರು ಗಂಟೆ ಹೊತ್ತು ನೆಲದ ಮೇಲೇ ಇದ್ದು 266 ಕಿ.ಮೀ. ಓಡಿತ್ತು. ಆ ಎರಡನೆಯದೊಂದೇ 57 ಜನರನ್ನು ಕೊಂದಿತು. 1925ರ ದಾಖಲೆ ಹಾಗೇ ಉಳಿಯಿತು. ದಾಖಲೆ ಮುರಿಯಲಿಲ್ಲವೆಂದು ಯಾರ ನೋವೂ ಕಡಿಮೆಯಾಗಲಿಲ್ಲ, ಆದರೆ ಒಂದು ಮೋಡ ಒಂದು ಸುಳಿಯನ್ನು ಎಷ್ಟು ಹೊತ್ತು ಹಿಡಿದಿಡಬಲ್ಲದು ಎಂದು ಲೆಕ್ಕ ಹಾಕುವ ಮುಂದಿನವರಿಗೆ ಆ ಕಡಿತ ಬೇಕು.

ಅಂತಿಮ ದರ್ಜೆ ಇಎಫ್-4, ಗಂಟೆಗೆ 306 ಕಿ.ಮೀ. ಇಎಫ್-5ಕ್ಕೆ 322 ದಾಟಬೇಕು. ಊರು ಕಳೆದುಕೊಂಡ ಜನಕ್ಕೆ ಈ 16 ಕಿ.ಮೀ. ಅಂತರ ಕ್ರೂರವಾಗಿ ಕೇಳಿಸುತ್ತದೆ, ಹಾಗೆ ಕೇಳಿಸುವುದು ನ್ಯಾಯವೇ. ಸಮೀಕ್ಷಕ ಹೇಳುತ್ತಿರುವುದು 'ಗಾಳಿ ಇದಕ್ಕಿಂತ ಹೆಚ್ಚಿರಲಿಲ್ಲ' ಎಂದೇನೂ ಅಲ್ಲ, 'ಇಲ್ಲಿ ಮುರಿದದ್ದರಿಂದ ಇಷ್ಟನ್ನೇ ಸಾಬೀತು ಮಾಡಬಲ್ಲೆ' ಎಂದು. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ ನಾಲ್ಕು ಕಿ.ಮೀ.ಗೂ ಅಗಲವಾದ ಸುಂಟರಗಾಳಿ ಇಳಿದಾಗ, ಹತ್ತಿರದಲ್ಲೇ ಇದ್ದ ಸಂಚಾರಿ ರೇಡಾರ್‌ಗಳು ಇಎಫ್-5ಕ್ಕೂ ಬಹಳ ಮೇಲಿನ ವೇಗವನ್ನು ಕಂಡಿದ್ದವು. ಆ ಗಾಳಿ ಹೆಚ್ಚಾಗಿ ಬಯಲಿನ ಮೇಲೆ ಹಾದುದರಿಂದ ದಾಖಲೆಯಲ್ಲಿ ಅದು ಇಎಫ್-3. ಗಟ್ಟಿಯಾದದ್ದೇನೂ ಎದುರಿಗೆ ಸಿಗದಿದ್ದರೆ ಅತಿ ಬಿರುಸಿನ ಗಾಳಿಯೂ ಕಾಗದದ ಮೇಲೆ ಸಾಧಾರಣವಾಗುತ್ತದೆ. ನನಗೆ ಇದು ಮಾಪಕದ ದೊಡ್ಡ ಕೊರತೆಯಾಗಿಯೇ ಕಾಣುತ್ತದೆ. ರೇಡಾರ್ ಅಳತೆಗೂ ದರ್ಜೆಯಲ್ಲಿ ಜಾಗ ಸಿಗಬೇಕು.

ನಮ್ಮ ಉಪಖಂಡಕ್ಕೆ ಈ ಕೊರತೆ ಇನ್ನೂ ಹತ್ತಿರದ್ದು. ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಎಂದು ಎಣಿಸುವುದು ಬಾಂಗ್ಲಾದೇಶದ ಸಾಟೂರಿಯಾದ್ದನ್ನು. 1989ರ ಏಪ್ರಿಲ್ 26ರಂದು ಅಲ್ಲಿ ಸುಮಾರು 1,300 ಜನ ಸತ್ತರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯ ಮೈನಾಗುರಿಯಲ್ಲೂ ತಗಡಿನ ಮನೆಗಳು ಹಾರಿಹೋದವು. ಇಎಫ್‌ನ 28 ಸಾಕ್ಷಿಗಳು ಅಮೆರಿಕದ ಕಟ್ಟಡಗಳನ್ನು ನೋಡಿ ಮಾಡಿದವು. ಬಿದಿರು ತಟ್ಟಿಯ ಗೋಡೆಗೆ, ಮಣ್ಣಿನ ಮನೆಗೆ ಅದರಲ್ಲಿ ಮೆಟ್ಟಿಲಿಲ್ಲ. ಬೇರೆ ದೇಶಗಳ ಕಟ್ಟಡಗಳಿಗೂ ಹೊಂದುವಂತೆ ಯುರೋಪಿನ ತಜ್ಞರು 2023ರಲ್ಲಿ ಅಂತರರಾಷ್ಟ್ರೀಯ ಫುಜಿತಾ ಮಾಪಕವನ್ನು ಪ್ರಕಟಿಸಿದ್ದಾರೆ. ಬಂಗಾಳದ ಹಳ್ಳಿಯ ಮನೆಗಳಿಗೆ ಬೇಕಾದ ಮೆಟ್ಟಿಲುಗಳನ್ನು ಇಲ್ಲಿನ ಎಂಜಿನಿಯರ್‌ಗಳೇ ಕಟ್ಟಿಕೊಡಬೇಕು.

ಅಮೆರಿಕದಲ್ಲಿ 2013ರ ಮೇ 20ರಂದು ಒಕ್ಲಹೋಮಾದ ಮೂರ್ ಎಂಬ ಊರನ್ನು ಹೊಡೆದ ಸುಂಟರಗಾಳಿಯ ನಂತರ ಹನ್ನೆರಡು ವರ್ಷ ಒಂದೂ ಇಎಫ್-5 ದಾಖಲಾಗಲಿಲ್ಲ. ಕೊನೆಗೆ ಅದನ್ನು ಸಾಬೀತು ಮಾಡಿದ್ದು ಮನೆಯಲ್ಲ, ರೈಲು. 2025ರ ಜೂನ್ 20ರಂದು ಉತ್ತರ ಡಕೋಟದ ಎಂಡರ್ಲಿನ್ ಬಳಿ ಸುಂಟರಗಾಳಿಯೊಂದು ಧಾನ್ಯ ತುಂಬಿದ ವ್ಯಾಗನ್‌ಗಳನ್ನು ಹಳಿಯಿಂದ ಉರುಳಿಸಿತು, ಒಂದು ಖಾಲಿ ಟ್ಯಾಂಕರ್ ವ್ಯಾಗನ್ನನ್ನು ಸುಮಾರು 145 ಮೀಟರ್ ದೂರಕ್ಕೆ ಎಸೆಯಿತು. ರೈಲು ವ್ಯಾಗನ್ ಆ 28 ಸಾಕ್ಷಿಗಳ ಪಟ್ಟಿಯಲ್ಲಿಲ್ಲ. ಆದರೆ ಅದರ ತೂಕ, ಅಳತೆ, ಅದು ಬಿದ್ದ ಜಾಗ ಎಲ್ಲವೂ ಖಚಿತವಾಗಿ ಗೊತ್ತಿದ್ದವು. ಎಂಜಿನಿಯರ್‌ಗಳು ಅಷ್ಟನ್ನು ಎತ್ತಿ ಎಸೆಯಲು ಬೇಕಾದ ಗಾಳಿಯನ್ನು ತಿಂಗಳುಗಟ್ಟಲೆ ಲೆಕ್ಕ ಹಾಕಿದರು. ಅಕ್ಟೋಬರಿನಲ್ಲಿ ಬಂದ ಉತ್ತರ ಗಂಟೆಗೆ 338 ಕಿ.ಮೀ.ಗೂ ಹೆಚ್ಚು. ಮೊದಲು ಇಎಫ್-3 ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿ, ಇಎಫ್-5 ಎಂದು ತಿದ್ದಿದರು.